ಮಂಗಳ ಹಾಡದ ಕಥೆ

ಹುಣಸೂರಿನಲ್ಲಿ ಲಕ್ಷ್ಮಣತೀರ್ಥದ ಸೇತುವೆಗೆ ಅನತಿದೂರದ ಬೀದಿಯೊಂದರಲ್ಲಿ ವಿಶ್ರಾಂತರಾದ ಕನ್ನಡ ಉಪಾಧ್ಯಾಯರೊಬ್ಬರು ವಾಸವಾಗಿದ್ದಾರೆ. ವಯಸ್ಸು ಎಪ್ಪತ್ತೇಳು. ಕಣ್ಣು ಮಂದವಾಗಿದ್ದರೂ ಕಿವಿ ಚುರುಕು. ಊರಿನವರಿಗೆಲ್ಲ ಅವರು ಬರಿಯ ‘ಮೇಷ್ಟರು’. ಮಗನು ಮೈಸೂರಿನ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದು ದಿನವೂ ಬಸ್ಸಿನಲ್ಲಿ ಹೋಗಿಬರುವವನಾದುದರಿಂದ, ಸಂಜೆ ಶಾಲೆ ಬಿಟ್ಟು ಬಂದ ಮೊಮ್ಮಗನನ್ನು ವಿಚಾರಿಸಿಕೊಳ್ಳುವ ಭಾರ ಅವರ ಪಾಲಿನದು.

ಹುಡುಗನಿಗೆ ಒಂಬತ್ತು ವರ್ಷ. ಅವನ ಪುಸ್ತಕದ ಚೀಲದ ಮೇಲೆ ಕೆಂಪು ಮುಸುಕಿನ ಜೇಡಮಾನವ. ತಿಂಡಿಯ ಡಬ್ಬಿಯ ಮೇಲೆ ಗುರಾಣಿ ಹಿಡಿದ ಅಮೆರಿಕದ ಯೋಧ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯ ಮೇಲೆ ಹಸುರು ಮೈಯ ದೈತ್ಯ. ಮೇಷ್ಟರ ಬಾಲ್ಯದಲ್ಲಿ ಮನೆಯೊಳಗಿನ ವೀರರೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಮರ್ಯಾದೆಯಾಗಿ ಇರುತ್ತಿದ್ದರು. ಬೆಳಗಾಗೆದ್ದು ಹಲ್ಲುಜ್ಜಲು ಒದಗುತ್ತಿರಲಿಲ್ಲ. ಕಳೆದ ಸಲ ಜಾತ್ರೆಯಲ್ಲಿ ಆಟದ ಸಾಮಾನಿನ ಅಂಗಡಿಯವನು ಆಂಜನೇಯನ ಮುಖವಾಡದ ಮಗ್ಗುಲಿಗೇ ಜೇಡಮಾನವನ ಮುಖವಾಡವನ್ನೂ ತೂಗಹಾಕಿದ್ದನು. ಎರಡಕ್ಕೂ ಒಂದೇ ಬೆಲೆ. ಹುಡುಗನು ಬಹಳ ಹೊತ್ತು ಯೋಚಿಸಿ ಎರಡನೆಯದನ್ನೇ ಆರಿಸಿಕೊಂಡನು. ಮೇಷ್ಟರು ದುಡ್ಡು ಕೊಟ್ಟರು, ಮಾತಾಡಲಿಲ್ಲ.

ಮಾತು ಬೆಳೆದುದು ಬೇರೊಂದು ದಿನ. ಹುಡುಗನು ತಂದೆಯ ಮೊಬೈಲಿನಲ್ಲಿ ಚಿತ್ರವೊಂದನ್ನು ನೋಡಿ ಮುಗಿಸಿ ಕಣ್ಣೊರಸಿಕೊಳ್ಳುತ್ತಿದ್ದನು. ಕಬ್ಬಿಣದ ಕವಚ ತೊಟ್ಟು ಹಾರುವ ವೀರನೊಬ್ಬನು ಲೋಕವನ್ನು ಉಳಿಸಿ ತಾನು ಸತ್ತನಂತೆ. ಮೇಷ್ಟರಿಗೆ ಇದು ಹಿತವೆನಿಸಿತು. ವೀರನ ಸಾವಿಗೆ ಅಳುವ ಹುಡುಗ ಕೆಟ್ಟಿಲ್ಲವೆಂದು ಅವನ ತಲೆ ಸವರಿದರು. ಹುಡುಗನು ಒಡನೆಯೇ ಮುಖವೆತ್ತಿ, “ಆದರೆ ಪರವಾಗಿಲ್ಲ ತಾತ, ಮುಂದಿನ ಚಿತ್ರದಲ್ಲಿ ಅವನೇ ಬರುತ್ತಾನೆ, ಈ ಸಲ ಕೆಟ್ಟವನಾಗಿ” ಎಂದನು.

“ಸತ್ತವನು ಹೇಗೆ ಬಂದಾನೋ?”

“ಪಾತ್ರ ಬೇರೆ ತಾತ, ಮನುಷ್ಯ ಅವನೇ. ಉಳಿದವರು ಬೇರೆ ಲೋಕದಿಂದ ಬರುತ್ತಾರೆ. ಒಂದೊಂದು ಲೋಕದಲ್ಲಿಯೂ ಒಬ್ಬೊಬ್ಬ ಇರುತ್ತಾನೆ. ಈ ಲೋಕದವನು ಸತ್ತರೆ ಆ ಲೋಕದವನು.”

ಹದಿನಾಲ್ಕು ಲೋಕಗಳ ಲೆಕ್ಕ ಬಲ್ಲ ಮೇಷ್ಟರಿಗೆ ಲೋಕಗಳು ಹೆಚ್ಚಾದುದರಿಂದ ಗಾಬರಿಯಾಗಲಿಲ್ಲ. ಕಣ್ಣೀರು ಅಷ್ಟು ಬೇಗ ಒಣಗಿದುದು ಮಾತ್ರ ಮನಸ್ಸಿನಲ್ಲಿ ಉಳಿದುಕೊಂಡಿತು.

ಹುಡುಗನು ಹೇಳಿದುದರಲ್ಲಿ ಸುಳ್ಳೇನೂ ಇರಲಿಲ್ಲ. ಈ ವೀರರ ವಂಶದ ಮೂಲಪುರುಷನಾದ ಸೂಪರ್‌ಮ್ಯಾನ್ ಅಮೆರಿಕದಲ್ಲಿ 1938ರ ಜೂನ್ ತಿಂಗಳ ಚಿತ್ರಕಥಾಪತ್ರಿಕೆಯೊಂದರಲ್ಲಿ ಹುಟ್ಟಿದವನು. ಅವನನ್ನು ಕಲ್ಪಿಸಿದ ಜೆರ್ರಿ ಸೀಗೆಲ್, ಜೋ ಶುಸ್ಟರ್ ಎಂಬ ಇಬ್ಬರು ತರುಣರು ಅವನ ಹಕ್ಕನ್ನೆಲ್ಲ 130 ಡಾಲರಿಗೆ ಬರೆದುಕೊಟ್ಟು ಆಮೇಲೆ ಜೀವಮಾನವೆಲ್ಲ ಕೈ ಹಿಸುಕಿಕೊಂಡರು. ಬಾನಿನಲ್ಲಿ ಹಾರುವವನನ್ನು ಸೃಷ್ಟಿಸಿದವರಿಗೆ ನೆಲದ ಕಾಗದಪತ್ರದ ಮರ್ಮ ತಿಳಿಯದೆ ಹೋಯಿತು. ಕಬ್ಬಿಣದ ಕವಚದವನ ಮೊದಲ ಚಿತ್ರ ಬಂದುದು 2008ರಲ್ಲಿ. ಅಲ್ಲಿಂದ ಒಂದು ಚಿತ್ರದ ಬಾಲಕ್ಕೆ ಇನ್ನೊಂದು ಚಿತ್ರವನ್ನು ಗಂಟುಹಾಕುತ್ತ ಹೋಗಿ, 2019ರಲ್ಲಿ ತೆರೆಕಂಡ ‘ಅವೆಂಜರ್ಸ್: ಎಂಡ್‌ಗೇಮ್’ ಆ ಮಾಲೆಯ 22ನೆಯ ಚಿತ್ರವಾಯಿತು, ಲೋಕದಾದ್ಯಂತ ಸುಮಾರು 280 ಕೋಟಿ ಡಾಲರುಗಳನ್ನು ಗಳಿಸಿತು. ಹೆಸರಿನಲ್ಲಿಯೇ ಅಂತ್ಯವನ್ನಿಟ್ಟುಕೊಂಡ ಆ ಚಿತ್ರದಿಂದಲೂ ಅಂತ್ಯವಾಗಲಿಲ್ಲ. ಅದರಲ್ಲಿ ಸತ್ತ ವೀರನ ಪಾತ್ರ ವಹಿಸಿದ್ದ ರಾಬರ್ಟ್ ಡೌನಿ ಮುಂದೆ ಖಳನಾಗಿ ಮರಳುವನೆಂದು 2024ರ ಜುಲೈನಲ್ಲಿ ಸಭೆ ಕೂಡಿಸಿ ಸಾರಿದರು. ಇಂಥ ಚಿತ್ರಮಾಲೆಗೆ ಫ್ರಾಂಚೈಸಿ ಎಂದು ಹೆಸರು. ಮಿಠಾಯಿ ಅಂಗಡಿಯವರು ಊರೂರಿನವರಿಗೆ ಹಕ್ಕು ಕೊಟ್ಟು ಒಂದೇ ಹೆಸರಿನ ಬೋರ್ಡನ್ನು ಹಾಕಿಸುವ ವ್ಯವಹಾರಕ್ಕೂ ಇದೇ ಹೆಸರಿರುವುದು ಆಕಸ್ಮಿಕವೇನಲ್ಲ.

ಮೇಷ್ಟರ ಸ್ವಂತ ಊರು ಕೃಷ್ಣರಾಜನಗರ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ‘ಕುರುಕ್ಷೇತ್ರ’ ನಾಟಕವಾಡುವುದು ರೂಢಿ. ಈ ಸೀಮೆಯ ನೂರಾರು ಹಳ್ಳಿಗಳಲ್ಲಿ ಈಗಲೂ ಉಂಟು. ಹಾರ್ಮೋನಿಯಂ ಹೊತ್ತು ಬಂದ ಡ್ರಾಮಾ ಮೇಷ್ಟರು ತಿಂಗಳುಗಟ್ಟಲೆ ಊರಿನಲ್ಲಿದ್ದು ಹಾಡು ಕಲಿಸುವರು. ಪಾತ್ರಗಳಿಗೆ ಬೆಲೆಯುಂಟು. ಆಡುವವರೇ ದುಡ್ಡು ಕೊಟ್ಟು ಪಾತ್ರವನ್ನು ಕೊಳ್ಳಬೇಕು. ದುರ್ಯೋಧನನಿಗೂ ಕೃಷ್ಣನಿಗೂ ಬೆಲೆ ಹೆಚ್ಚು, ವಿದುರ ಅಗ್ಗ. ಧರ್ಮರಾಯನಾಗುವುದಕ್ಕಿಂತ ದುರ್ಯೋಧನನಾಗಲು ಜನ ಹೆಚ್ಚು ಕೊಡುವರೆಂಬುದರಲ್ಲಿ ಮನುಷ್ಯಸ್ವಭಾವದ ಒಂದು ಅಧ್ಯಾಯವೇ ಅಡಗಿದೆ, ಅದು ಹಾಗಿರಲಿ.

ಮೇಷ್ಟರು ಹುಡುಗರಾಗಿದ್ದಾಗ ಅವರ ಊರಿನ ದುರ್ಯೋಧನ ಎರಡೆಕರೆ ಗದ್ದೆಯ ಒಬ್ಬ ರೈತ. ಹಗಲಲ್ಲಿ ಎಲ್ಲರ ಮುಂದೆಯೂ ತಲೆ ತಗ್ಗಿಸಿ ನಡೆಯುವವನು. ಸಾಲಗಾರನು ಎದುರಾದರೆ ಬೇಲಿ ದಾಟುವವನು. ಬಾಡಿಗೆಯ ಕಿರೀಟವನ್ನಿಟ್ಟು, ಬೆಳ್ಳಿಯ ಕಾಗದ ಸುತ್ತಿದ ಮರದ ಗದೆಯನ್ನು ಹೆಗಲಿಗೇರಿಸಿ ಪೆಟ್ರೊಮ್ಯಾಕ್ಸ್ ದೀಪದ ಬೆಳಕಿಗೆ ಬಂದನೆಂದರೆ, ಸಾಲ ಕೊಟ್ಟವನೇ ಮುಂದಿನ ಸಾಲಿನಲ್ಲಿ ಕುಳಿತು ಕೈ ಮುಗಿಯುತ್ತಿದ್ದನು. ಬೆಳಗಿನ ಜಾವ ವೈಶಂಪಾಯನ ಸರೋವರ, ತೊಡೆ ಮುರಿಯುವುದು, ಪೂರ್ವದಲ್ಲಿ ಬೆಳ್ಳಿ ಮೂಡುವ ಹೊತ್ತಿಗೆ ಅವನು ಬಿದ್ದಿರುತ್ತಿದ್ದನು. ಹೆಂಗಸರು ಸೆರಗಿನಲ್ಲಿ ಕಣ್ಣೊರಸುವರು. ಹಿಂದಿನ ವರ್ಷವೂ ಅವನು ಹಾಗೆಯೇ ಬಿದ್ದಿದ್ದನು. ಮುಂದಿನ ವರ್ಷವೂ ಬೀಳುವನು. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಅಳುವರು. ಆಮೇಲೆ ಸತ್ತವರೂ ಬದುಕಿದವರೂ ಬಣ್ಣದ ಮುಖದಲ್ಲಿಯೇ ಸಾಲಾಗಿ ನಿಂತು ಮಂಗಳ ಹಾಡುವರು. ಮಂಗಳವಾದ ಮೇಲೆ ಯಾರೂ ಕುಳಿತಿರುವುದಿಲ್ಲ. ಚಾಪೆ ಸುತ್ತಿಕೊಂಡು, ನಿದ್ದೆಹೋದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಹೊರಡುವರು. ಹಸು ಕರೆಯುವ ಹೊತ್ತಾಗಿರುತ್ತಿತ್ತು.

ಈ ಮಂಗಳದ ವಿಷಯವನ್ನು ಮೇಷ್ಟರು ಮೊಮ್ಮಗನಿಗೆ ವಿಸ್ತಾರವಾಗಿ ಹೇಳಿದರು. ಏಕೆಂದರೆ ಹುಡುಗನ ಚಿತ್ರಗಳಲ್ಲಿ ಅದಕ್ಕೆ ನೇರ ವಿರುದ್ಧವಾದ ಪದ್ಧತಿಯಿದೆ. ಕಥೆ ಮುಗಿದು, ಕೆಲಸಗಾರರ ಹೆಸರುಗಳೆಲ್ಲ ಪರದೆಯ ಮೇಲೆ ಏರಿಹೋದ ಮೇಲೆ, ಒಂದು ನಿಮಿಷದ ತುಣುಕೊಂದನ್ನು ತೋರಿಸುವರು. ಅದರಲ್ಲಿ ಮುಂದಿನ ಚಿತ್ರದ ಬೀಜವಿರುತ್ತದೆ. ಮೈಸೂರಿನ ಮಾಲಿನಲ್ಲಿ ಒಮ್ಮೆ ಮಗನೂ ಮೊಮ್ಮಗನೂ ಮೇಷ್ಟರನ್ನು ಕರೆದುಕೊಂಡು ಹೋಗಿದ್ದಾಗ, ಕಥೆ ಮುಗಿಯಿತೆಂದು ಎದ್ದುನಿಂತವರು ಅವರೊಬ್ಬರೇ. “ಕೂತ್ಕೊ ತಾತ, ಇನ್ನೂ ಇದೆ” ಎಂದು ಹುಡುಗನು ಪಂಚೆ ಹಿಡಿದೆಳೆದನು. ಹಾಗೆ ಇನ್ನೂರು ಜನ ಕತ್ತಲೆಯಲ್ಲಿ ಅಪರಿಚಿತರ ಹೆಸರುಗಳನ್ನು ನೋಡುತ್ತ ಕುಳಿತಿದ್ದುದು ಮೇಷ್ಟರಿಗೆ ಶ್ರಾದ್ಧದ ಮನೆಯಲ್ಲಿ ಎರಡನೆಯ ಪಂಕ್ತಿಗೆ ಕಾದಂತೆ ಕಂಡಿತು.

ಒಂದೇ ಕಥೆಯನ್ನು ಮತ್ತೆ ಮತ್ತೆ ಆಡುವುದು ಒಂದು. ಒಂದು ಕಥೆಯನ್ನು ಎಂದೂ ಮುಗಿಯಗೊಡದೆ ಎಳೆಯುವುದು ಇನ್ನೊಂದು. ಮೇಲುನೋಟಕ್ಕೆ ಎರಡೂ ಒಂದೇ ಎನಿಸುತ್ತವೆ. ಎರಡರಲ್ಲಿಯೂ ಅದೇ ವೀರರು ವರ್ಷ ವರ್ಷ ಬರುತ್ತಾರೆ. ಆದರೆ ಮೊದಲನೆಯದರಲ್ಲಿ ಸಾವು ತನ್ನ ಸ್ಥಳದಲ್ಲಿಯೇ ಇರುತ್ತದೆ. ಎಷ್ಟು ಸಲ ಆಡಿದರೂ ಕರ್ಣನ ರಥದ ಚಕ್ರ ಹೂಳಲೇಬೇಕು. ಎರಡನೆಯದರಲ್ಲಿ ಸಾವಿಗೆ ನೆಲೆಯಿಲ್ಲ. ಅದು ಟಿಕೇಟು ಮಾರುವವನಿಗೂ ನೋಡುವವನಿಗೂ ನಡುವಣ ಒಂದು ಒಪ್ಪಂದ. ಅಮೆರಿಕದ ಹಿರಿಯ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ 2019ರಲ್ಲಿ ಈ ಚಿತ್ರಗಳನ್ನು ಮನರಂಜನೆಯ ಉದ್ಯಾನಗಳಿಗೆ ಹೋಲಿಸಿದಾಗ ಲೋಕವೆಲ್ಲ ಗದ್ದಲವೆದ್ದಿತು. ಇವುಗಳಲ್ಲಿ ಯಾರಿಗೂ ನಿಜವಾದ ಅಪಾಯವಿಲ್ಲ ಎಂಬುದೇ ಅವರ ಆಕ್ಷೇಪದ ತಿರುಳು. ಕೃಷ್ಣರಾಜನಗರದ ರೈತನಿಗೆ ಆ ಮಾತು ಹೊಸದಾಗಿ ತೋರುತ್ತಿರಲಿಲ್ಲ.

ಆದರೆ ಮೇಷ್ಟರು ಸತ್ಯಸಂಧರು. ತಮ್ಮ ಪಕ್ಷಕ್ಕೆ ಒದಗದ ಸಂಗತಿಯನ್ನೂ ಮುಚ್ಚಿಡಲಿಲ್ಲ. ಚಕ್ರವ್ಯೂಹದಲ್ಲಿ ಸತ್ತುಬಿದ್ದ ಅಭಿಮನ್ಯುವಿನ ಹಾಡು ಚೆನ್ನಾಗಿತ್ತೆಂದು ಜನ “ಒನ್ಸ್ ಮೋರ್” ಎಂದು ಕೂಗಿದಾಗ, ಅವನು ಧೂಳು ಕೊಡವಿಕೊಂಡು ಎದ್ದು, ಅದೇ ಹಾಡನ್ನು ಎರಡನೆಯ ಸಲ ಹಾಡಿ, ಎರಡನೆಯ ಸಲ ಸತ್ತುದನ್ನು ಅವರೇ ಕಣ್ಣಾರೆ ಕಂಡಿದ್ದರು. ಇದನ್ನು ಕೇಳಿ ಹುಡುಗನು ಚಪ್ಪಾಳೆ ತಟ್ಟಿ, “ಹಾಗಾದರೆ ನಿಮ್ಮ ಕಾಲದಲ್ಲೂ ಬರುತ್ತಿದ್ದರು!” ಎಂದನು. ಎದ್ದವನು ಮತ್ತೆ ಸಾಯುವುದಕ್ಕಾಗಿಯೇ ಎದ್ದನೆಂದು ಮೇಷ್ಟರು ವಾದಿಸಿದರು. ಹುಡುಗನು ಒಪ್ಪಲಿಲ್ಲ. ಅಂದಿನ ಜಯ ಅವನದಾಯಿತು.

ನಾಟಕದ ಮಗ್ಗುಲಿಗೆ ಟೆಂಟು ಸಿನಿಮಾ ಬಂದಿತು. ಸಂಜೆ ವೆಂಕಟೇಶನ ಹಾಡಿನ ರೆಕಾರ್ಡು ಊರಿಗೆಲ್ಲ ಕೇಳಿತೆಂದರೆ ಆಟಕ್ಕೆ ಹೊತ್ತಾಯಿತೆಂದು ಅರ್ಥ. ನೆಲ, ಬೆಂಚು, ಕುರ್ಚಿ ಎಂದು ಮೂರು ವರ್ಗ. ನೆಲದವರಿಗೆ ಮರಳು ಗುಡ್ಡೆಮಾಡಿಕೊಂಡು ಎತ್ತರ ಕೂಡುವ ಸೌಕರ್ಯವಿತ್ತು. 1960ರಲ್ಲಿ ಬಂದ ‘ರಣಧೀರ ಕಂಠೀರವ’ವನ್ನು ಮೇಷ್ಟರು ಹನ್ನೆರಡರ ಹರೆಯದಲ್ಲಿ ಇಂಥ ಮರಳಿನ ಮೇಲೆಯೇ ಕುಳಿತು ನೋಡಿದರು. ಕೆಲಸವಿಲ್ಲದೆ ಕಷ್ಟದಲ್ಲಿದ್ದ ಕನ್ನಡ ಕಲಾವಿದರು — ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ — ತಾವೇ ಸಂಘ ಕಟ್ಟಿ ನಿರ್ಮಿಸಿದ ಚಿತ್ರವದು. ಮೈಸೂರಿನ ಅರಸು ಗುರುತು ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಕೆಡವಿದನೆಂಬ ಐತಿಹ್ಯ ಈ ಸೀಮೆಯ ಮಕ್ಕಳಿಗೆ ಅನ್ನದಷ್ಟೇ ಪರಿಚಿತ. ವೇಷ ಮರೆಸಿಕೊಂಡ ಬಲಶಾಲಿ, ಅನ್ಯಾಯಕ್ಕೆ ಏಟು, ಹೆಸರು ಹೇಳದೆ ಹಿಂತಿರುಗುವುದು — ಸೂಪರ್ ಹೀರೋ ಎಂಬ ಪದವೊಂದನ್ನುಳಿದು ಮಿಕ್ಕುದೆಲ್ಲ ಅಲ್ಲಿತ್ತು.

ಇಲ್ಲಿ ಒಂದು ಮಾತನ್ನು ಹೇಳದೆ ಬಿಡುವಂತಿಲ್ಲ. ಹುಣಸೂರಿನಿಂದ ಪಶ್ಚಿಮಕ್ಕೆ ಒಂದು ಗಂಟೆಯೂ ಹಿಡಿಯದ ಹಾದಿಯಲ್ಲಿ ಪಿರಿಯಾಪಟ್ಟಣವಿದೆ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜರು ಆ ಊರಿನ ಚಂಗಾಳ್ವರನ್ನು ಸೋಲಿಸಿ ಕೋಟೆಯನ್ನು ಹಿಡಿದರು. ಆ ಕಾಳಗವನ್ನು ಕುರಿತು ಜನಪದರ ಕಥನಗೀತೆಯೇ ಉಂಟು. ಮೈಸೂರಿನ ಟೆಂಟಿನಲ್ಲಿ ಕಂಠೀರವನಿಗೆ ಶಿಳ್ಳೆ ಹೊಡೆದವರೂ ಪಿರಿಯಾಪಟ್ಟಣದ ಟೆಂಟಿನಲ್ಲಿ ಶಿಳ್ಳೆ ಹೊಡೆದವರೂ ಒಂದೇ ಉತ್ಸಾಹದಿಂದ ಹೊಡೆದರು. ತೆರೆಯ ಮೇಲಿನ ವೀರನು ಯಾರ ಕೋಟೆಯನ್ನು ಮುರಿದವನೆಂದು ಯಾರೂ ವಿಚಾರಿಸಲಿಲ್ಲ. ಸಿನಿಮಾ ಎಂಬುದರ ಶಕ್ತಿ ಅಂದಿಗೂ ಇಂದಿಗೂ ಅಷ್ಟಿದೆ.

ಮೇಷ್ಟರಿಗೂ ಮೊಮ್ಮಗನಿಗೂ ಸಂಧಿಯಾದುದು ಕಾಡಿನ ಹುಡುಗ ಮೌಗ್ಲಿಯ ದೆಸೆಯಿಂದ. 2016ರಲ್ಲಿ ಬಂದ ‘ದಿ ಜಂಗಲ್ ಬುಕ್’ ಚಿತ್ರವನ್ನು ಹುಡುಗನು ಮೊಬೈಲಿನಲ್ಲಿ ತೋರಿಸುತ್ತ, ಕಬ್ಬಿಣದ ಕವಚದವನ ಮೊದಲ ಚಿತ್ರವನ್ನು ಮಾಡಿದ ಜಾನ್ ಫಾವ್ರೊ ಎಂಬವರೇ ಇದನ್ನೂ ಮಾಡಿದುದೆಂದು ಹೆಮ್ಮೆಯಿಂದ ತಿಳಿಸಿದನು. ಮೇಷ್ಟರು, “ಮೌಗ್ಲಿಯಾಗಿ ಎಷ್ಟೋ ವರ್ಷ ಮೊದಲೇ ಕುಣಿದವನು ಎಚ್.ಡಿ. ಕೋಟೆಯ ಹುಡುಗ ಕಣೋ” ಎಂದರು. ಹುಡುಗನು ನಂಬಲಿಲ್ಲ. ನಂಬದಿರುವುದೇ ಸಹಜ, ತಾಲ್ಲೂಕಿನಲ್ಲಿಯೇ ಬಲ್ಲವರು ಕಡಮೆ.

ಕಬಿನಿ ನದಿಯ ದಂಡೆಯ ಕಾರಾಪುರದಲ್ಲಿ 1924ರ ಜನವರಿ 27ರಂದು ಮಾವುತನೊಬ್ಬನ ಮಗನಾಗಿ ಸೇಲಾರ್ ಶೇಕ್ ಸಾಬು ಹುಟ್ಟಿದನು. ತಂದೆ ತೀರಿಕೊಂಡ ಮೇಲೆ ಹುಡುಗನಿಗೆ ಮೈಸೂರಿನ ಅರಮನೆಯ ಆನೆಲಾಯವೇ ಆಶ್ರಯವಾಯಿತು. 1935ರ ಸುಮಾರಿಗೆ ರಾಬರ್ಟ್ ಫ್ಲಾಹರ್ಟಿ ಎಂಬ ಹೆಸರಾಂತ ನಿರ್ದೇಶಕನು ಕಿಪ್ಲಿಂಗನ ಆನೆಯ ಕಥೆಯೊಂದನ್ನು ಚಿತ್ರಿಸಲು ಮೈಸೂರಿಗೆ ಬಂದನು. ನಾಲ್ವಡಿ ಕೃಷ್ಣರಾಜ ಒಡೆಯರು ಆನೆಗಳನ್ನು ಕೊಟ್ಟರು. ಹುಣಸೂರು ರಸ್ತೆಯ ಮಗ್ಗುಲಿನ ಚಿತ್ತರಂಜನ ಮಹಲಿನಲ್ಲಿ ಬಿಡಾರವಾಯಿತು. ಕಥೆಗೆ ತಕ್ಕ ಹುಡುಗನಿಗಾಗಿ ಹುಡುಕುತ್ತಿದ್ದ ಛಾಯಾಗ್ರಾಹಕ ಆಸ್ಮಂಡ್ ಬೊರಾಡೇಲನ ಕಣ್ಣಿಗೆ ಆನೆಲಾಯದ ಸಾಬು ಬಿದ್ದನು. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಕಂಡು, ವೆನಿಸ್ ಉತ್ಸವದಲ್ಲಿ ನಿರ್ದೇಶನಕ್ಕೆ ಬಹುಮಾನವೂ ಬಂದು, ಆನೆಯ ಕತ್ತಿನ ಮೇಲೆ ಕುಳಿತ ಬರಿಮೈಯ ಹುಡುಗ ಲೋಕಪ್ರಸಿದ್ಧನಾದನು. ಅವನ ಜೊತೆಗಾರನಾಗಿ ಕಾಲಾನಾಗನ ಪಾತ್ರದಲ್ಲಿದ್ದುದು ಅರಮನೆಯ ಐರಾವತ. ಸೂಪರ್‌ಮ್ಯಾನ್ ಹುಟ್ಟುವುದಕ್ಕೆ ಇನ್ನೂ ಒಂದು ವರ್ಷವಿತ್ತು.

ಸಾಬು ಇಂಗ್ಲೆಂಡಿಗೆ ಹೋದನು, ಅಲ್ಲಿಂದ ಅಮೆರಿಕಕ್ಕೆ. ‘ಬಾಗ್ದಾದಿನ ಕಳ್ಳ’ 1940ರಲ್ಲಿ, ‘ಜಂಗಲ್ ಬುಕ್’ 1942ರಲ್ಲಿ. 1944ರಲ್ಲಿ ಅಮೆರಿಕದ ಪೌರನಾಗಿ, ಯುದ್ಧವಿಮಾನದ ಬಾಲದಲ್ಲಿ ಕುಳಿತು ಗುಂಡು ಹಾರಿಸುವ ಕೆಲಸದಲ್ಲಿ ಹೋರಾಡಿ ಶೌರ್ಯಪದಕವನ್ನು ಪಡೆದನು. ತೆರೆಯ ಮೇಲಿನ ಎಷ್ಟೋ ವೀರರು ಕಂಡರಿಯದ ನಿಜವಾದ ಅಪಾಯವದು. ಹಿಂತಿರುಗಿ ಬಂದಾಗ ಇಪ್ಪತ್ತು ದಾಟಿದ ಗಂಡಸು. ಹಾಲಿವುಡ್ಡಿಗೆ ಮಾತ್ರ ಅವನು ಇನ್ನೂ ಆನೆಯ ಹುಡುಗನೇ. ಅದೇ ಕಾಡು, ಅದೇ ಮುಂಡಾಸು, ಅದೇ ನಗೆ. ಫ್ರಾಂಚೈಸಿ ಎಂಬ ಮಾತು ಅಂದು ಸಿನಿಮಾಕ್ಕೆ ಬಂದಿರಲಿಲ್ಲವಾದರೂ, ಅದರ ಹಗ್ಗ ಅವನ ಕಾಲಿಗೆ ಬಿದ್ದಿತ್ತು. 1963ರ ಡಿಸೆಂಬರ್ 2ರಂದು, ಮೂವತ್ತೊಂಬತ್ತರ ಹರೆಯದಲ್ಲಿ, ಹೃದಯ ನಿಂತು ಸತ್ತನು. ಕಾರಾಪುರದ ಸುತ್ತಣ ಕಾಡಿನ ಎಷ್ಟೋ ಭಾಗ 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಈಗ ಅಲ್ಲಿಗೆ ಹುಲಿ ನೋಡಲು ಬರುವ ಶ್ರೀಮಂತರಿಗೆ ತಂಗುಮನೆಗಳುಂಟು. ಆ ಮಣ್ಣಿನ ಹುಡುಗನೊಬ್ಬನನ್ನು ಲೋಕವೆಲ್ಲ ನೋಡಿತ್ತೆಂಬುದು ಅವರಿಗೂ ತಿಳಿಯದು.

ಆ ಚಿತ್ತರಂಜನ ಮಹಲಿನ ಆವರಣ ಮುಂದೆ ಪ್ರೀಮಿಯರ್ ಸ್ಟುಡಿಯೋದ ಬಳಕೆಗೆ ಬಂದಿತು. 1989ರ ಫೆಬ್ರವರಿ 8ರಂದು ಟಿಪ್ಪುವಿನ ಧಾರಾವಾಹಿಯನ್ನು ಚಿತ್ರಿಸುತ್ತಿದ್ದಾಗ ಅದೇ ಸ್ಟುಡಿಯೋದಲ್ಲಿ ಬೆಂಕಿ ಬಿದ್ದು 62 ಮಂದಿ ಸತ್ತರು. ಹುಣಸೂರಿನಿಂದ ಮೈಸೂರಿಗೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ಮೇಷ್ಟರು ಆ ತಿರುವಿನಲ್ಲಿ ಮಾತು ನಿಲ್ಲಿಸುತ್ತಾರೆ.

1942ರ ‘ಜಂಗಲ್ ಬುಕ್’ ಮೊಬೈಲಿನಲ್ಲಿ ಸಿಕ್ಕಿತು. ತಾತ ಮೊಮ್ಮಗ ಇಬ್ಬರೂ ಕೂತು ನೋಡಿದರು. ರಬ್ಬರಿನ ಹಾವನ್ನು ಕಂಡು ಹುಡುಗನು ಬಿದ್ದು ಬಿದ್ದು ನಕ್ಕನು. ನಗುವುದು ನ್ಯಾಯವೇ. ಅದೂ ಮೈಸೂರಿನ ಕಾಡೇನಲ್ಲ, ಕ್ಯಾಲಿಫೋರ್ನಿಯಾದಲ್ಲಿ ಹೂಡಿದ ಕಾಡು. ಆದರೆ ಸಾಬು ಪ್ರಾಣಿಯೊಂದರ ಪಕ್ಕಕ್ಕೆ ನಡೆದುಬಂದು ಅದರ ಮೈಮೇಲೆ ಕೈಯಿಟ್ಟಾಗ ಹುಡುಗನು ಸುಮ್ಮನಾದನು. “ಇದು ಗ್ರಾಫಿಕ್ಸ್ ಅಲ್ಲವಾ ತಾತ?” ಎಂದು ಎರಡು ಸಲ ಕೇಳಿದನು. ಅವನ 2016ರ ಕಾಡಿನಲ್ಲಿ ಹುಡುಗನೊಬ್ಬನನ್ನುಳಿದು ಮಿಕ್ಕುದೆಲ್ಲ ಲೆಕ್ಕಯಂತ್ರದ ಸೃಷ್ಟಿ. ಲಾಸ್ ಏಂಜಲೀಸ್ ನಗರದೊಳಗೆಯೇ ಚಿತ್ರೀಕರಿಸಿದುದೆಂದು ಚಿತ್ರದ ಕೊನೆಯಲ್ಲಿ ಅವರೇ ಅಭಿಮಾನದಿಂದ ಹೇಳಿಕೊಂಡಿದ್ದಾರೆ.

ಆ ಕಾಡನ್ನು ಹೆಣೆದವರಲ್ಲಿ ಬೆಂಗಳೂರಿನವರೂ ಇದ್ದರು. ದಿ ಮೂವಿಂಗ್ ಪಿಕ್ಚರ್ ಕಂಪನಿ ಎಂಬ ಸಂಸ್ಥೆಯ ಶಾಖೆ ಅಲ್ಲಿತ್ತು. ಚಿತ್ರಕ್ಕೆ ದೃಶ್ಯಚಮತ್ಕಾರದ ಆಸ್ಕರ್ ಕೂಡ ಬಂದಿತು. ಮೇಷ್ಟರ ಹಳೆಯ ಶಿಷ್ಯನೊಬ್ಬನು ಬೆಂಗಳೂರಿನಲ್ಲಿ ಇಂಥದೇ ಕಸಬಿನಲ್ಲಿದ್ದನು. ಹಬ್ಬಕ್ಕೆ ಬಂದಾಗ, ಮೃಗವೊಂದರ ಬಾಲದ ಕೂದಲು ಗಾಳಿಗೆ ಅಲುಗುವುದನ್ನು ತಿದ್ದುವುದರಲ್ಲಿಯೇ ತನ್ನ ಎಂಟು ತಿಂಗಳು ಕಳೆದುವೆಂದು ಅವನು ಹೇಳಿದ್ದನು. ಅದು ಯಾವ ಚಿತ್ರವೆಂದು ಕೇಳಿದರೆ, ಕಾಗದಕ್ಕೆ ರುಜು ಹಾಕಿದ್ದೇನೆ, ಹೇಳುವಂತಿಲ್ಲ ಎಂದನು. ಕಥೆ ಮುಗಿದ ಮೇಲೆ ಇನ್ನೂರು ಜನ ಕತ್ತಲೆಯಲ್ಲಿ ಕಾಯುತ್ತ ನೋಡಿದ ಹೆಸರುಗಳಲ್ಲಿ ಇಂಥವರ ಹೆಸರುಗಳೇ ಹೆಚ್ಚು. ಅವು ಓದಿಗೆ ಸಿಕ್ಕದಷ್ಟು ವೇಗವಾಗಿ ಏರಿಹೋಗುತ್ತವೆ. ಮೂವಿಂಗ್ ಪಿಕ್ಚರ್ ಕಂಪನಿಯ ಒಡೆಯರಾದ ಟೆಕ್ನಿಕಲರ್ ಸಂಸ್ಥೆ 2025ರ ಆರಂಭದಲ್ಲಿ ಕುಸಿದುಬಿದ್ದು ಬೆಂಗಳೂರಿನಲ್ಲಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ವೀರರ ಕಥೆಗೆ ಮುಂದಿನ ಭಾಗ ತಪ್ಪದೆ ಬರುತ್ತದೆ. ವೀರನ ಕೂದಲು ನೇಯ್ದವನಿಗೆ ಬರುವುದು ಖಾತರಿಯಿಲ್ಲ.

ಕನ್ನಡ ಚಿತ್ರರಂಗವೂ ಈ ಗಾಳಿಯಿಂದ ಹೊರಗುಳಿಯಲಿಲ್ಲ. ಅ.ನ. ಕೃಷ್ಣರಾಯರ ಕಾಲದಿಂದ ಕಾಪಾಡಿಕೊಂಡು ಬಂದ ಡಬ್ಬಿಂಗ್ ವಿರೋಧದ ಕಟ್ಟೆ, 2015ರಲ್ಲಿ ಭಾರತದ ಸ್ಪರ್ಧಾ ಆಯೋಗವು ವಿರುದ್ಧವಾಗಿ ಆಜ್ಞೆ ಮಾಡಿದ ಮೇಲೆ ಸಡಿಲವಾಯಿತು. 2023ರಲ್ಲಿ ಜೇಡಮಾನವನ ಚಿತ್ರವೊಂದು ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಂದಾಗ ಅವುಗಳಲ್ಲಿ ಕನ್ನಡವೂ ಇತ್ತು. ಮೇಷ್ಟರು ಇದಕ್ಕೆ ಬೇಸರಪಡಲಿಲ್ಲ. ಪರಲೋಕದವನಾದರೂ ಹುಡುಗನ ಕಿವಿಗೆ ಕನ್ನಡವಾಡಲಿ ಎಂಬುದು ಅವರ ಮತ. ಅವರನ್ನು ಯೋಚನೆಗೆ ಹಚ್ಚಿದುದು ‘ಕೆ.ಜಿ.ಎಫ್.’ ಮೊದಲ ಅಧ್ಯಾಯ 2018ರಲ್ಲಿ, ಎರಡನೆಯದು 2022ರಲ್ಲಿ. ಎರಡನೆಯದು ಸುಮಾರು 1,200 ಕೋಟಿ ರೂಪಾಯಿ ಗಳಿಸಿತೆಂದು ಪತ್ರಿಕೆಗಳು ಬರೆದುವು. ಕನ್ನಡದ ಚಿತ್ರವನ್ನು ಪರನಾಡಿನವರು ಸಾಲುಗಟ್ಟಿ ನೋಡಿದರೆಂಬ ಸಂತೋಷ ಹುಣಸೂರಿನ ಟೀ ಅಂಗಡಿಯವರೆಗೂ ಹರಡಿತು. ಅದು ಸಣ್ಣ ಸಂತೋಷವಲ್ಲ. ಆ ಕಥೆಯ ವೀರನು ಕೊನೆಗೆ ತನ್ನ ಚಿನ್ನದೊಡನೆ ಕಡಲಿನಲ್ಲಿ ಮುಳುಗುತ್ತಾನೆ. ತಾಯಿಗೆ ಕೊಟ್ಟ ಮಾತು ಅಲ್ಲಿಗೆ ತೀರುತ್ತದೆ. ಶುದ್ಧ ದುರಂತ. ಮೇಷ್ಟರು ಒಳಗೊಳಗೇ ತಲೆದೂಗಿದರು. ಹೆಸರುಗಳೆಲ್ಲ ಏರಿಹೋದ ಮೇಲೆ ಪರದೆಯ ಮೇಲೆ ಮೂರನೆಯ ಅಧ್ಯಾಯದ ಹಸ್ತಪ್ರತಿ ಕಾಣಿಸಿಕೊಂಡಿತು. ಕನ್ನಡವೂ ಮಂಗಳ ಹಾಡುವುದನ್ನು ಬಿಟ್ಟಿತ್ತು. 2022ರ ‘ಕಾಂತಾರ’ದ ಪೂರ್ವಕಥೆಯೂ 2025ರಲ್ಲಿ ‘ಅಧ್ಯಾಯ 1’ ಎಂಬ ಹೆಸರಿನಿಂದಲೇ ಬಂದಿತು.

2023ರ ಡಿಸೆಂಬರಿನಲ್ಲಿ ನಡೆದುದನ್ನು ಹೇಳದಿದ್ದರೆ ಹುಡುಗನ ಮುಂದಿನ ಪ್ರಶ್ನೆ ಅರ್ಥವಾಗದು. ಹುಣಸೂರು, ಕೋಟೆ, ಪಿರಿಯಾಪಟ್ಟಣಗಳ ಮಕ್ಕಳಿಗೆ ತೆರೆಯ ವೀರರಿಗಿಂತ ಮೊದಲಿನ ವೀರನೊಬ್ಬನಿದ್ದನು: ಬಳ್ಳೆ ಶಿಬಿರದ ಆನೆ ಅರ್ಜುನ. 1968ರಲ್ಲಿ ಕಾಕನಕೋಟೆಯ ಕಾಡಿನ ಖೆಡ್ಡಾದಲ್ಲಿ ಸೆರೆಸಿಕ್ಕವನು. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತವನು. ಅರುವತ್ತರ ವಯಸ್ಸಾದ ಕಾರಣ ಆ ಗೌರವದಿಂದ ಇಳಿಸಿದರು. ಕಾಡಾನೆ ಹಿಡಿಯುವ ಕೆಲಸದಿಂದ ಇಳಿಸಲಿಲ್ಲ. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರಿನ ಕಾಡಿನಲ್ಲಿ, ಅಂಥ ಕಾರ್ಯಾಚರಣೆಯೊಂದರ ನಡುವೆ ಮದವೇರಿದ ಕಾಡಾನೆಯೊಡನೆ ಕಾದಾಡಿ ಸತ್ತನು. ಕಾರಾಪುರದ ಸಾಬು ಸತ್ತು ಅರುವತ್ತು ವರ್ಷಗಳ ಮೇಲೆ ಎರಡು ದಿನವಾಗಿತ್ತು. ದೇಹವನ್ನು ಕೋಟೆಗೆ ತರಬೇಕೆಂದು ಜನ ಬೇಡಿದರು. ಸತ್ತ ಕಾಡಿನಲ್ಲಿಯೇ ಮಣ್ಣಾಯಿತು. ಮಾವುತನು ಆನೆಯ ದೇಹವನ್ನು ತಬ್ಬಿ ಅಳುತ್ತಿದ್ದ ದೃಶ್ಯವನ್ನು ನಾಡೆಲ್ಲ ಕಂಡಿತು.

ಏಳು ವರ್ಷದ ಹುಡುಗ ಅಂದು ಅತ್ತನು. ಆಮೇಲೆ ಕಣ್ಣೊರಸಿಕೊಂಡು ತಾತನ ಹತ್ತಿರ ಬಂದು, “ಯಾವಾಗ ವಾಪಸ್ಸು ಬರುತ್ತಾನೆ?” ಎಂದು ಕೇಳಿದನು. ಇಲ್ಲ, ಬರುವುದಿಲ್ಲ ಎಂದರು ಮೇಷ್ಟರು. “ಬೇರೆ ಲೋಕದವನು?” ಎಂದನು. ಅದಕ್ಕೂ ಇಲ್ಲವೆಂದರು. ಹುಡುಗನು ಬಹಳ ಹೊತ್ತು ಅವರ ಮುಖ ನೋಡಿ, ಎರಡನೆಯ ಸಲ ಅತ್ತನು. ಆ ಎರಡನೆಯ ಅಳು ಮೊದಲಿನದರಂತಿರಲಿಲ್ಲ. ಮೇಷ್ಟರು ಸಮಾಧಾನ ಮಾಡಲು ಹೋಗದೆ ಪಕ್ಕದಲ್ಲಿ ಕುಳಿತಿದ್ದರು.

2025ರ ಆಗಸ್ಟ್ ತಿಂಗಳಿನಲ್ಲಿ ಮೇಷ್ಟರು ಮೊಮ್ಮಗನನ್ನು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಗೆ ಕರೆದೊಯ್ದರು. ದಸರೆಯ ಗಜಪಯಣ ಹೊರಡುವುದು ಅಲ್ಲಿಂದಲೇ. ಶಾಲೆಗೆ ಒಂದು ದಿನ ಚಕ್ಕರ್ ಹೊಡೆಸಿದ ಅಪರಾಧಕ್ಕೆ ವಿಶ್ರಾಂತ ಉಪಾಧ್ಯಾಯರೇ ಭಾಗಿಗಳಾದರು. ಹೂವು, ಗಂಟೆ, ಬಣ್ಣದ ಚಿತ್ತಾರಗಳಿಂದ ಸಿಂಗರಿಸಿದ ಆನೆಗಳು ಸಾಲಾಗಿ ನಿಂತಿದ್ದುವು. ಕಬ್ಬು ಬೆಲ್ಲ ತಿನ್ನಿಸಿ ಪೂಜೆ ನಡೆಯುತ್ತಿತ್ತು. ಸುತ್ತಲೂ ಮೊಬೈಲು ಹಿಡಿದ ಕೈಗಳ ಕಾಡು. ಎಲ್ಲಕ್ಕೂ ಮುಂದೆ, 2020ರಿಂದ ಅಂಬಾರಿ ಹೊರುತ್ತಿರುವ ಅಭಿಮನ್ಯು.

“ಅಭಿಮನ್ಯು ಅರ್ಜುನನ ಮಗನಾ ತಾತ?”

“ಕಥೆಯಲ್ಲಿ ಹೌದು. ಇಲ್ಲಿ ಬೇರೆ.”

“ಕಥೆಯಲ್ಲಿ ಅಪ್ಪ ಸತ್ತ ಮೇಲೆ ಮಗ ಬಂದನಾ?”

“ಇಲ್ಲ ಮಗು. ಕಥೆಯಲ್ಲಿ ಮಗನೇ ಮೊದಲು ಹೋದ. ಅಪ್ಪ ಆಮೇಲೆಯೂ ಬದುಕಿರಬೇಕಾಯಿತು.”

ಹುಡುಗನು ಇದನ್ನು ಮನಸ್ಸಿನಲ್ಲಿಯೇ ಹೊರಳಿಸಿ ನೋಡಿದಂತೆ ಕಂಡಿತು. ವಾದ್ಯದವರು ಬಾರಿಸತೊಡಗಿದರು; ಆನೆಗಳು ಹೆಜ್ಜೆ ಕಿತ್ತುವು. ಭೀಮ, ಏಕಲವ್ಯ ಎಂದು ಪಕ್ಕದವರಾರೋ ಒಂದೊಂದನ್ನೇ ತೋರಿಸಿ ಹೆಸರು ಹೇಳುತ್ತಿದ್ದರು. ಇನ್ನೊಂದು ಆನೆ ಬಂದಾಗ “ಧನಂಜಯ” ಎಂದರು. ಹುಡುಗನು ತಟ್ಟನೆ ತಾತನ ಕೈ ಜಗ್ಗಿದನು. ಹಿಂದಿನ ವಾರವಷ್ಟೇ ಅವರು ಅವನಿಗೆ ಪಾರ್ಥ, ಫಲ್ಗುಣ, ಸವ್ಯಸಾಚಿ ಎಂದು ಹತ್ತು ಹೆಸರುಗಳನ್ನು ಬಾಯಿಪಾಠ ಮಾಡಿಸಿದ್ದರು.

“ತಾತ, ಧನಂಜಯ ಅಂದರೂ ಅರ್ಜುನನೇ ಅಲ್ಲವಾ?”

ನಲವತ್ತು ವರ್ಷ ಪರ್ಯಾಯಪದಗಳನ್ನು ಕಲಿಸಿದವರು ಇಲ್ಲವೆನ್ನುವ ಹಾಗಿರಲಿಲ್ಲ. “ಹೌದಪ್ಪ, ಅರ್ಥ ಅದೇ” ಎಂದರು. ಹುಡುಗನು ಬೇಲಿಯ ಗಳುವಿನ ಮೇಲೆ ಹತ್ತಿ ನಿಂತು, ಆ ಆನೆ ಜನರ ತಲೆಗಳಾಚೆಗೆ ಮರೆಯಾಗುವವರೆಗೂ ಕೈಯಾಡಿಸುತ್ತಿದ್ದನು.